ಚರ್ಚಿನ ಬಾಗಿಲಿಗೆ ಬಂದ ಗಿಟಾರ್

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಅದರ ಜೊತೆಗೆ ಒಂದು ಮುಗಿಯದ ತಕರಾರೂ ಇತ್ತು. ಅಬ್ಬಾರಿಗೆ ಕವ್ವಾಲಿ ಎಂದರೆ ಪ್ರಾಣ. ಗುರುವಾರ ರಾತ್ರಿ ಇಶಾ ನಮಾಝ್ ಮುಗಿಸಿ ಬಂದು, ಊಟವಾದ ಮೇಲೆ ಒಂದು ಕ್ಯಾಸೆಟ್ ಹಾಕಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಪಕ್ಕದ ಬೀದಿಯಲ್ಲಿದ್ದ ಚಾಚಾ ಬಂದರೆ ಅಮ್ಮಿ ಓಡಿ ಬಂದು ಸದ್ದು ತಗ್ಗಿಸುತ್ತಿದ್ದರು. ಅಬ್ಬಾರ ವಾದ ಒಂದೇ: “ಹಾಡಿನಲ್ಲಿ ಅಲ್ಲಾಹನ ಹೆಸರಿದೆಯಲ್ಲ?” ಚಾಚಾರ ಉತ್ತರವೂ ಒಂದೇ: “ಹೆಸರಿದೆ ಭಾಯಿಜಾನ್, ಜೊತೆಗೆ ತಬಲವೂ ಇದೆ. ಕ್ಯಾಸೆಟ್ ಮಾರುವವನ ಲಾಭವೂ ಇದೆ.”

ಆಗ ಇದು ನಮ್ಮ ಮನೆಯ, ಹೆಚ್ಚೆಂದರೆ ನಮ್ಮ ಸಮುದಾಯದ ಜಗಳ ಎಂದು ತಿಳಿದಿದ್ದೆ. ಮುಂದೆ ಅಮೆರಿಕದ ಕ್ರೈಸ್ತ ಸಂಗೀತದ ಚರಿತ್ರೆಯನ್ನು ಓದುತ್ತಾ ಹೋದಾಗ ಅಬ್ಬಾ ಮತ್ತು ಚಾಚಾ ಇಬ್ಬರೂ ಅಲ್ಲಿ ಬೇರೆ ಬೇರೆ ಹೆಸರಿನಲ್ಲಿ ಎದುರಾದರು. ದೇವರ ಹೆಸರು, ವಾದ್ಯ, ಮಾರುಕಟ್ಟೆ ಈ ಮೂರೂ ಒಂದೇ ಕ್ಯಾಸೆಟ್ಟಿನಲ್ಲಿ ಕೂತಾಗ ಗೆಲ್ಲುವುದು ಯಾವುದು ಎಂಬ ಪ್ರಶ್ನೆ ಅಲ್ಲಿಯೂ ಐವತ್ತು ವರ್ಷಕ್ಕೂ ಮಿಕ್ಕಿ ಜನರನ್ನು ಕಾಡಿದೆ. ಅಲ್ಲಿ ಇದನ್ನು ‘ಕಾಂಟೆಂಪೊರರಿ ಕ್ರಿಶ್ಚಿಯನ್ ಮ್ಯೂಸಿಕ್’ ಅಂದರೆ ಸಮಕಾಲೀನ ಕ್ರೈಸ್ತ ಸಂಗೀತ ಎಂದು ಕರೆಯುತ್ತಾರೆ. ಚಿಕ್ಕದಾಗಿ ಸಿಸಿಎಂ. ರಾಕ್, ಪಾಪ್, ರ್‍ಯಾಪ್ ಮುಂತಾದ ಕಾಲದ ಧಾಟಿಗಳಲ್ಲಿ ಕ್ರೈಸ್ತ ವಿಶ್ವಾಸವನ್ನು ಹಾಡುವ ಸಂಗೀತ ಇದು. ಅದರ ಕತೆ ನಮಗೂ ಪಾಠವಾಗಬಲ್ಲದು.

ಹಳೆಯ ಜಗಳ

ಚರ್ಚಿನೊಳಗೆ ಯಾವ ಸಂಗೀತ ಸಲ್ಲುತ್ತದೆ ಎಂಬ ವಿವಾದ ಗಿಟಾರ್‌ನಿಂದ ಆರಂಭವಾದದ್ದಲ್ಲ. ಹದಿನಾರನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಸುಧಾರಕ ಉಲ್ರಿಚ್ ಜ್ವಿಂಗ್ಲಿ ಸ್ವತಃ ಹಲವು ವಾದ್ಯಗಳನ್ನು ನುಡಿಸಬಲ್ಲವನಾಗಿದ್ದ. ಆದರೂ ಆರಾಧನೆಯಲ್ಲಿ ಸಂಗೀತ ಬೇಡವೆಂದ. 1520ರ ದಶಕದಲ್ಲಿ ಅಲ್ಲಿನ ಚರ್ಚಿನ ಆರ್ಗನ್‌ಗಳನ್ನು ಕಿತ್ತುಹಾಕಲಾಯಿತು. ಜಿನೀವಾದಲ್ಲಿ ಜಾನ್ ಕ್ಯಾಲ್ವಿನ್ ಸ್ವಲ್ಪ ಸಡಿಲ ಬಿಟ್ಟ. ವಾದ್ಯವಿಲ್ಲದೆ, ಎಲ್ಲರೂ ಒಂದೇ ಸ್ವರದಲ್ಲಿ ಕೀರ್ತನೆಗಳನ್ನು ಹಾಡಬಹುದು ಎಂದ. ಆ ಕೀರ್ತನೆಗಳೆಂದರೆ ಹಝ್ರತ್ ದಾವೂದ್(ಅ)ರಿಗೆ ಸಂಬಂಧಿಸಿದವು ಎಂದು ಕ್ರೈಸ್ತರು ನಂಬುವ ‘ಸಾಮ್ಸ್’. ನಮ್ಮಲ್ಲಿ ದಾವೂದ್(ಅ)ರಿಗೆ ಅವತೀರ್ಣವಾದ ಗ್ರಂಥವನ್ನು ಝಬೂರ್ ಎನ್ನುತ್ತೇವೆ. ಇಂಪಾದ ಕಂಠಕ್ಕೆ ಉರ್ದುವಿನಲ್ಲಿ ಇಂದಿಗೂ ‘ಲಹ್ನೆ ದಾವೂದಿ’ ಎನ್ನುವುದುಂಟು. ಕ್ಯಾಲ್ವಿನ್‌ನ ಅನುಯಾಯಿಗಳು ಆ ಕೀರ್ತನೆಗಳನ್ನೇ ಎಷ್ಟು ಗಟ್ಟಿಯಾಗಿ ಹಿಡಿದುಕೊಂಡರೆಂದರೆ, 1707ರಲ್ಲಿ ಇಂಗ್ಲೆಂಡಿನ ಐಸಾಕ್ ವಾಟ್ಸ್ ತಾನೇ ರಚಿಸಿದ ಹೊಸ ಸ್ತುತಿಗೀತೆಗಳ ಪುಸ್ತಕ ಹೊರತಂದಾಗ, ಮನುಷ್ಯ ಬರೆದ ಹಾಡನ್ನು ದೇವರ ಮನೆಯಲ್ಲಿ ಹಾಡುವುದೆಂತು ಎಂದು ಅನೇಕರು ಸಿಟ್ಟಾದರು. ಇಂದು ವಾಟ್ಸ್‌ನ ಹಾಡುಗಳೇ ‘ಸಂಪ್ರದಾಯ’. ಅವುಗಳನ್ನು ಉಳಿಸಬೇಕೆಂದು ಹೊಸ ಹಾಡುಗಳ ವಿರುದ್ಧ ವಾದಿಸುವವರಿದ್ದಾರೆ. ನಿನ್ನೆಯ ಬಿದ್‌ಅತ್ ಇಂದಿನ ರೂಢಿಯಾಗುವ ಈ ವಿಚಿತ್ರವನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ಅಮೆರಿಕದಲ್ಲಿ ಈ ಕತೆಗೆ ಇನ್ನೊಂದು ಬೇರಿದೆ. ಅದು ಕರಿಯರ ಚರ್ಚು. ಥಾಮಸ್ ಡಾರ್ಸಿ ಎಂಬಾತ ಮೊದಲು ಬ್ಲೂಸ್ ಸಂಗೀತದ ಪಿಯಾನೋ ವಾದಕ. ಬ್ಲೂಸ್ ಎಂದರೆ ಹೆಂಡದಂಗಡಿಯ ಹಾಡು ಎಂದು ಮೂಗು ಮುರಿಯುತ್ತಿದ್ದ ಕಾಲ ಅದು. 1932ರಲ್ಲಿ ಹೆರಿಗೆಯಲ್ಲಿ ಆತನ ಹೆಂಡತಿ ತೀರಿಕೊಂಡಳು, ಹಸುಗೂಸೂ ಉಳಿಯಲಿಲ್ಲ. ಆ ದುಃಖದಲ್ಲಿ ಆತ ಬರೆದ ಪ್ರಾರ್ಥನಾಗೀತೆ ಮುಂದೆ ಕರಿಯರ ಹೋರಾಟದ ಸಭೆಗಳಲ್ಲೂ ಶವಸಂಸ್ಕಾರಗಳಲ್ಲೂ ಕೇಳಿಬಂತು. ಬ್ಲೂಸ್‌ನ ಧಾಟಿಯನ್ನು ಆತ ಚರ್ಚಿಗೆ ತಂದಾಗ ಶಿಕಾಗೋದ ದೊಡ್ಡ ಚರ್ಚುಗಳು ಬಾಗಿಲು ಹಾಕಿಕೊಂಡಿದ್ದವು. ಅದೇ ದಶಕದಲ್ಲಿ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬ ಹೆಣ್ಣುಮಗಳು ಎಲೆಕ್ಟ್ರಿಕ್ ಗಿಟಾರ್‌ನ ಯುಗವಿನ್ನೂ ಕಣ್ಣು ಬಿಡುತ್ತಿದ್ದಾಗಲೇ ಗಿಟಾರ್ ಹಿಡಿದು ದೇವರ ಹಾಡು ಹಾಡಿದಳು. 1938ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್‌ನ ವೇದಿಕೆಯಲ್ಲೂ ಹಾಡಿದಳು. ಚರ್ಚಿನವರಿಗೆ ಅದು ಸಹಿಸಲಾಗದ ಮಾತಾಗಿತ್ತು. ರಾಕ್ ಅಂಡ್ ರೋಲ್‌ನ ತಾಯಿಬೇರುಗಳಲ್ಲಿ ಆಕೆಯೂ ಒಬ್ಬಳು ಎಂದು ಜಗತ್ತು ಒಪ್ಪಿ, ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2018ರಲ್ಲಿ. ಆಗ ಆಕೆ ತೀರಿಕೊಂಡು ನಲವತ್ತೈದು ವರ್ಷಗಳಾಗಿದ್ದವು.

ಹೀಗೆ, ರಾಕ್ ಸಂಗೀತವನ್ನು ಚರ್ಚಿಗೆ ತಂದರೆಂದು ಬಿಳಿಯ ಯುವಕರನ್ನು ಹೊಗಳುವ ಅಥವಾ ತೆಗಳುವ ಮೊದಲು ಒಂದು ಮಾತು ಹೇಳಬೇಕು. ರಾಕ್ ಹುಟ್ಟಿದ್ದರಲ್ಲೇ ಕರಿಯರ ಚರ್ಚಿನ ಪಾಲು ದೊಡ್ಡದು. ಚರ್ಚಿನಿಂದ ಹೊರಟ ತಾಳವೇ ಲೋಕ ಸುತ್ತಿಕೊಂಡು ಮತ್ತೆ ಚರ್ಚಿನ ಬಾಗಿಲು ತಟ್ಟಿತು.

ಸಮುದ್ರ ತೀರದ ಬರಿಗಾಲಿನ ಹುಡುಗರು

ತಟ್ಟಿದ್ದು 1960ರ ದಶಕದ ಕೊನೆಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ವಿಯೆಟ್ನಾಮ್ ಯುದ್ಧ ನಡೆಯುತ್ತಿತ್ತು. ಮನೆ ಬಿಟ್ಟು ಬಂದ ಸಾವಿರಾರು ಹಿಪ್ಪಿ ಯುವಕ ಯುವತಿಯರು ಮಾದಕ ವಸ್ತುಗಳಲ್ಲಿ ಶಾಂತಿ ಹುಡುಕಿ ಸೋತಿದ್ದರು. ಅವರಲ್ಲಿ ಹಲವರು ಯೇಸುವಿನ ಕಡೆಗೆ ತಿರುಗಿದರು. ಇದನ್ನು ‘ಜೀಸಸ್ ಮೂವ್‌ಮೆಂಟ್’ ಎನ್ನುತ್ತಾರೆ. ಕೋಸ್ಟಾ ಮೇಸಾ ಎಂಬ ಊರಿನ ಕ್ಯಾಲ್ವರಿ ಚಾಪೆಲ್ ಎಂಬ ಸಣ್ಣ ಚರ್ಚಿನ ಪಾಸ್ಟರ್ ಚಕ್ ಸ್ಮಿತ್ ನಡುವಯಸ್ಸಿನ, ಸಂಪ್ರದಾಯಸ್ಥ ಮನುಷ್ಯ. ಲಾನಿ ಫ್ರಿಸ್ಬೀ ಎಂಬ ಉದ್ದ ಕೂದಲಿನ ಹಿಪ್ಪಿ ಬೋಧಕನ ಹಿಂದೆ ಈ ಹುಡುಗರು ಬರಿಗಾಲಿನಲ್ಲಿ ಚರ್ಚಿಗೆ ಬರತೊಡಗಿದರು. ಹೊಸ ಕಾರ್ಪೆಟ್ ಕೊಳೆಯಾಗುತ್ತದೆ ಎಂದು ಚರ್ಚಿನ ಹಿರಿಯರು ಗೊಣಗಿದಾಗ, ಹಾಗಾದರೆ ಕಾರ್ಪೆಟ್ಟನ್ನೇ ಕಿತ್ತುಹಾಕೋಣ ಎಂದು ಸ್ಮಿತ್ ಹೇಳಿದರೆಂಬ ಕತೆ ಅಲ್ಲಿ ಮನೆಮಾತು. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬ ಇಷ್ಟವಾದ ಘಟ್ಟ ಇದು. ಮಸೀದಿಯಿರಲಿ, ಚರ್ಚಿರಲಿ, ಬಾಗಿಲಲ್ಲಿ ನಿಂತ ಕೊಳೆಗಾಲಿನ ಹುಡುಗನನ್ನು ನೋಡಿದಾಗ ಹಿರಿಯರಿಗೆ ಮೊದಲು ನೆನಪಾಗುವುದು ಕಾರ್ಪೆಟ್ಟೋ, ಆ ಹುಡುಗನೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಆ ಹುಡುಗರು ತಮಗೆ ಗೊತ್ತಿದ್ದ ಸಂಗೀತದಲ್ಲೇ ಹಾಡಿದರು. ‘ಲವ್ ಸಾಂಗ್’ ಎಂಬ ತಂಡ ಹೀಗೆ ಹುಟ್ಟಿತು. 1971ರಲ್ಲಿ ಕ್ಯಾಲ್ವರಿ ಚಾಪೆಲ್ ‘ಮಾರಾನಾಥ ಮ್ಯೂಸಿಕ್’ ಎಂಬ ಧ್ವನಿಮುದ್ರಣ ಸಂಸ್ಥೆಯನ್ನೇ ಆರಂಭಿಸಿತು. ಅದಕ್ಕೂ ಮೊದಲು, 1969ರಲ್ಲಿ, ಲ್ಯಾರಿ ನಾರ್ಮನ್ ಎಂಬ ಬಿಳಿಗೂದಲಿನ ಯುವಕನ ಕ್ರೈಸ್ತ ರಾಕ್ ಆಲ್ಬಮ್ ಹೊರಬಂದಿತ್ತು. ನಾರ್ಮನ್ ಯುದ್ಧ, ಮಾದಕ ವಸ್ತು, ಗುಹ್ಯರೋಗಗಳ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಹಾಡಿದ. ಕ್ರೈಸ್ತ ಪುಸ್ತಕದಂಗಡಿಗಳು ಆತನ ಹಾಡುಗಳನ್ನು ಇಟ್ಟುಕೊಳ್ಳಲು ಹಿಂಜರಿದವು. ಆತನ 1972ರ ಆಲ್ಬಮ್ಮನ್ನು ಅಮೆರಿಕದ ಸಂಸತ್ ಗ್ರಂಥಾಲಯ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿದ್ದು 2014ರಲ್ಲಿ. ಅಷ್ಟರಲ್ಲಿ ನಾರ್ಮನ್ ತೀರಿಕೊಂಡು ಆರು ವರ್ಷಗಳಾಗಿದ್ದವು.

ಅದೇ 1969ರಲ್ಲಿ ಎಡ್ವಿನ್ ಹಾಕಿನ್ಸ್ ಎಂಬ ಕರಿಯ ಸಂಗೀತಗಾರನ ತಂಡ ಹಾಡಿದ ‘ಓ ಹ್ಯಾಪಿ ಡೇ’, ಹಳೆಯ ಸ್ತುತಿಗೀತೆಯೊಂದರ ಹೊಸ ರೂಪ, ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ದೇವರ ಹಾಡು ಬೀದಿಯಲ್ಲೂ ಸಲ್ಲುತ್ತದೆ ಎಂದು ಅದು ತೋರಿಸಿಕೊಟ್ಟಿತು. 1971ರ ಜೂನ್‌ನಲ್ಲಿ ‘ಟೈಮ್’ ಪತ್ರಿಕೆ ಈ ಯುವಜನ ಚಳವಳಿಯನ್ನು ಮುಖಪುಟ ಲೇಖನ ಮಾಡಿತು. 1972ರ ಜೂನ್‌ನಲ್ಲಿ ಡಲ್ಲಾಸ್ ನಗರದಲ್ಲಿ ನಡೆದ ‘ಎಕ್ಸ್‌ಪ್ಲೊ 72’ ಸಮ್ಮೇಳನಕ್ಕೆ ಸುಮಾರು 80 ಸಾವಿರ ಜನ ಬಂದರು. ಕೊನೆಯ ದಿನದ ಸಂಗೀತ ಸಭೆಗೆ ಒಂದು ಲಕ್ಷಕ್ಕೂ ಮಿಕ್ಕಿ ಜನ ಸೇರಿದರು. ಲವ್ ಸಾಂಗ್, ಲ್ಯಾರಿ ನಾರ್ಮನ್, ಕರಿಯ ಗಾಯಕ ಆಂದ್ರೇ ಕ್ರೌಚ್, ಜಾನಿ ಕ್ಯಾಶ್ ಎಲ್ಲರೂ ಹಾಡಿದ ಆ ಸಭೆಯಲ್ಲಿ ಬಿಲ್ಲಿ ಗ್ರಹಾಂ ಪ್ರವಚನ ಮಾಡಿದರು. ಚರ್ಚಿನ ಹಿರಿಯರು ಗಿಟಾರ್‌ಗೆ ಕೊಟ್ಟ ಮೊದಲ ದೊಡ್ಡ ಅನುಮತಿ ಅದು.

ಅಂಗಡಿ ತೆರೆಯಿತು

ಲಕ್ಷ ಜನ ಸೇರುವಲ್ಲಿಗೆ ವ್ಯಾಪಾರಿ ಬಾರದೆ ಇರುತ್ತಾನೆಯೇ? ಟೆಕ್ಸಾಸ್‌ನ ವಾಕೋ ಎಂಬ ಊರಿನ ವರ್ಡ್ ಎಂಬ ಹಳೆಯ ಕ್ರೈಸ್ತ ಕಂಪೆನಿ 1972ರಲ್ಲಿ ‘ಮರ್’ ಎಂಬ ಹೊಸ ಶಾಖೆ ತೆರೆಯಿತು. ಅದನ್ನು ನಡೆಸುತ್ತಿದ್ದ ಬಿಲ್ಲಿ ರೇ ಹರ್ನ್ 1976ರಲ್ಲಿ ‘ಸ್ಪ್ಯಾರೊ’ ಎಂಬ ಸ್ವಂತ ಕಂಪೆನಿ ಕಟ್ಟಿದರು. 1978ರಲ್ಲಿ ಈ ಸಂಗೀತಕ್ಕೆಂದೇ ಒಂದು ಪತ್ರಿಕೆ ಬಂತು. ಆ ಪತ್ರಿಕೆಯ ಹೆಸರೇ ಈ ಪ್ರಕಾರದ ಹೆಸರಾಗಿ ಉಳಿಯಿತು. ಕ್ರೈಸ್ತ ಪುಸ್ತಕದಂಗಡಿಗಳು ಬೈಬಲ್ ಪಕ್ಕದಲ್ಲೇ ಕ್ಯಾಸೆಟ್ ಇಟ್ಟು ಮಾರತೊಡಗಿದವು. 1979ರಲ್ಲಿ ಬಾಬ್ ಡಿಲನ್‌ನಂತಹ ದೊಡ್ಡ ಗಾಯಕನೇ ಕ್ರೈಸ್ತ ವಿಶ್ವಾಸದ ಹಾಡುಗಳ ಆಲ್ಬಮ್ ಹೊರತಂದಾಗ, ಈ ಸಂಗೀತಕ್ಕೆ ಒಂದು ಮರ್ಯಾದೆಯೂ ಬಂತು.

ಈ ಹೊತ್ತಿನಲ್ಲೇ ಒಬ್ಬ ಮನುಷ್ಯ ಅಂಗಡಿಯಿಂದ ಎದ್ದು ಹೊರಟ. ಆತನ ಹೆಸರು ಕೀತ್ ಗ್ರೀನ್. ಚಿಕ್ಕಂದಿನಿಂದ ಪಿಯಾನೋ ನುಡಿಸುತ್ತಿದ್ದ ಈತ ಸ್ಪ್ಯಾರೊ ಕಂಪೆನಿಯಿಂದ 1977ರಲ್ಲಿ ಹೊರತಂದ ಮೊದಲ ಆಲ್ಬಮ್ ಚೆನ್ನಾಗಿ ಮಾರಾಟವಾಗಿತ್ತು. ಆದರೆ ದೇವರ ಸಂದೇಶಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬ ಪ್ರಶ್ನೆ ಆತನನ್ನು ನಿದ್ದೆಗೆಡಿಸಿತು. ಹಣವಿಲ್ಲದವನು ಆ ಹಾಡನ್ನು ಕೇಳಬಾರದೇ? 1979ರಲ್ಲಿ ತನ್ನನ್ನು ಒಪ್ಪಂದದಿಂದ ಬಿಡುಗಡೆ ಮಾಡಬೇಕೆಂದು ಹರ್ನ್ ಅವರನ್ನು ಕೇಳಿದ. ಹರ್ನ್ ವ್ಯಾಪಾರಿಯಾದರೂ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟರು. ಕೀತ್ ಗ್ರೀನ್ ಸಂಗೀತ ಸಭೆಗಳಿಗೆ ಟಿಕೆಟ್ ಇಡುವುದನ್ನು ನಿಲ್ಲಿಸಿದ. 1980ರಲ್ಲಿ ಹೊರಬಂದ ಹೊಸ ಆಲ್ಬಮ್ಮನ್ನು, ಅಂಚೆಯಲ್ಲಿ ಕೇಳಿದವರಿಗೆ, ಅವರು ಕೊಟ್ಟಷ್ಟಕ್ಕೆ ಕಳುಹಿಸಿದ. ಏನೂ ಕೊಡಲಾಗದವರಿಗೂ ಕಳುಹಿಸಿದ.

1982ರ ಜುಲೈ 28ರಂದು ಟೆಕ್ಸಾಸ್‌ನ ತನ್ನ ಆಶ್ರಮದ ಬಳಿ ಅತಿಥಿಗಳಿಗೆ ಸುತ್ತಲಿನ ಭೂಮಿಯನ್ನು ತೋರಿಸಲು ಹಾರಿದ ಸಣ್ಣ ವಿಮಾನ ಬಿದ್ದು, ಆತ, ಆತನ ಇಬ್ಬರು ಎಳೆಯ ಮಕ್ಕಳು ಸೇರಿ ಹನ್ನೆರಡು ಜನ ಸತ್ತರು. ಆತನಿಗೆ ಆಗ ಇಪ್ಪತ್ತೆಂಟು ವರ್ಷ. ಕೀತ್ ಗ್ರೀನ್‌ನ ದಾರಿಯನ್ನು ಅನೇಕರು ಮೆಚ್ಚಿದರು. ಹಿಡಿದವರು ಕಡಿಮೆ.

‘ನಿಮಿಷಕ್ಕೆ ಎಷ್ಟು ಯೇಸು?’

ಅದೇ 1982ರಲ್ಲಿ ಆಮಿ ಗ್ರಾಂಟ್ ಎಂಬ ಇಪ್ಪತ್ತೊಂದರ ಹುಡುಗಿಯ ಆಲ್ಬಮ್ ಬಂತು. ಕೆಲವೇ ವರ್ಷಗಳಲ್ಲಿ ಅದರ ಹತ್ತು ಲಕ್ಷ ಪ್ರತಿಗಳು ಮಾರಾಟವಾದವು. ಈ ಪ್ರಕಾರದಲ್ಲಿ ಅಲ್ಲಿಯವರೆಗೆ ಯಾರೂ ಕಾಣದ ಸಂಖ್ಯೆ ಅದು. 1991ರಲ್ಲಿ ಆಕೆ ತನ್ನ ಹಸುಗೂಸನ್ನು ನೋಡಿ ಬರೆದ ಒಂದು ಪ್ರೀತಿಯ ಹಾಡು ಅಮೆರಿಕದ ಎಲ್ಲ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆ ಹಾಡಿದ್ದ ಆಲ್ಬಮ್ ಅಮೆರಿಕವೊಂದರಲ್ಲೇ 50 ಲಕ್ಷ ಮಾರಾಟವಾಯಿತು. ಆದರೆ ಹಾಡಿನಲ್ಲಿ ಯೇಸುವಿನ ಹೆಸರಿಲ್ಲವಲ್ಲ ಎಂದು ಚರ್ಚಿನವರು ಮುನಿದರು. ಸಂಗೀತ ಕಂಪೆನಿಗಳ ವಲಯದಲ್ಲಿ ಆಗ ಒಂದು ಕುಚೋದ್ಯದ ಮಾತೇ ಹುಟ್ಟಿಕೊಂಡಿತ್ತು: ಹಾಡಿನಲ್ಲಿ ‘ನಿಮಿಷಕ್ಕೆ ಎಷ್ಟು ಯೇಸು’ ಇದ್ದಾನೆ ಎಂದು ಎಣಿಸಿ ನೋಡುವುದು!

ಕುಚೋದ್ಯ ಅಲ್ಲಿಗೇ ಇರಲಿ. ಪ್ರಶ್ನೆ ಗಂಭೀರವಾದದ್ದೇ. ತಾಯಿಯೊಬ್ಬಳು ಮಗುವನ್ನು ಮುದ್ದಿಸುವ ಹಾಡು ಧಾರ್ಮಿಕವೇ ಅಲ್ಲವೇ? ಬದುಕೆಲ್ಲವೂ ದೇವರದ್ದು ಎಂದು ನಂಬುವವರು ಬದುಕಿನ ಯಾವುದೇ ಹಾಡನ್ನು ಹೇಗೆ ಹೊರಗಿಡುತ್ತಾರೆ? 1999ರಲ್ಲಿ ಆಮಿ ಗ್ರಾಂಟ್ ವಿಚ್ಛೇದನ ಪಡೆದಾಗ ಕೆಲವು ಕ್ರೈಸ್ತ ರೇಡಿಯೊ ಕೇಂದ್ರಗಳು ಆಕೆಯ ಹಾಡುಗಳನ್ನೇ ನಿಲ್ಲಿಸಿದವು. ಹಾಡು ಅದೇ, ಕಂಠ ಅದೇ, ಆದರೆ ಹಾಡಿದವಳ ಬದುಕು ಅಳತೆಗೆ ಸಿಗದೆ ಹೋಗಿತ್ತು. ಚರ್ಚು ಕ್ಷಮೆಯ ಹಾಡುಗಳನ್ನು ಮಾರುತ್ತಿದ್ದ ಹೊತ್ತಿನಲ್ಲಿ ಹಾಡುವವರಿಗೆ ಕ್ಷಮೆ ಅಷ್ಟು ಸುಲಭವಾಗಿ ಸಿಗಲಿಲ್ಲ. 2022ರಲ್ಲಿ ಆಮಿ ಗ್ರಾಂಟ್‌ಗೆ ಅಮೆರಿಕದ ಪ್ರತಿಷ್ಠಿತ ಕೆನೆಡಿ ಸೆಂಟರ್ ಗೌರವ ಸಿಕ್ಕಿತು. ಸಮಕಾಲೀನ ಕ್ರೈಸ್ತ ಸಂಗೀತದ ಗಾಯಕರಲ್ಲಿ ಅದನ್ನು ಪಡೆದ ಮೊದಲಿಗಳು ಆಕೆ.

ವಿರೋಧಿಗಳಲ್ಲಿ ಎಲ್ಲರೂ ಸಣ್ಣ ಮನಸ್ಸಿನವರೆಂದು ತಿಳಿಯಬೇಕಿಲ್ಲ. ಆದರೆ ಕೆಲವರ ಕತೆ ಸೋಜಿಗದ್ದು. ಟಿವಿ ಪ್ರವಚನಕಾರ ಜಿಮ್ಮಿ ಸ್ವಾಗರ್ಟ್ 1987ರಲ್ಲಿ ಒಂದು ಪುಸ್ತಕ ಬರೆದು ಕ್ರೈಸ್ತ ರಾಕ್ ಕುರಿಯ ತೊಗಲು ಹೊದ್ದ ತೋಳ ಎಂದರು. ಆದರೆ ಅವರೇ ಪಿಯಾನೋ ನುಡಿಸಿ ಹಾಡಿದ ಭಕ್ತಿಗೀತೆಗಳ ರೆಕಾರ್ಡುಗಳು ಲಕ್ಷಗಟ್ಟಲೆ ಮಾರಾಟವಾಗಿದ್ದವು. ರಾಕ್ ಅಂಡ್ ರೋಲ್‌ನ ಹೆಸರಾಂತ ಗಾಯಕ ಜೆರ್‍ರಿ ಲೀ ಲೂಯಿಸ್ ಅವರ ಸೋದರ ಸಂಬಂಧಿ. ಅವರ ಕೋಪದ ಒಂದು ದೊಡ್ಡ ಗುರಿ ‘ಸ್ಟ್ರೈಪರ್’ ಎಂಬ ತಂಡ. ಹಳದಿ ಕಪ್ಪು ಪಟ್ಟೆಯ ಉಡುಪು ತೊಟ್ಟು, ಕಿವಿಗಡಚಿಕ್ಕುವ ಸಂಗೀತದ ನಡುವೆ ಈ ತಂಡದವರು ಪ್ರೇಕ್ಷಕರತ್ತ ಬೈಬಲ್ ಎಸೆಯುತ್ತಿದ್ದರು. ಧರ್ಮಗ್ರಂಥವನ್ನು ಎಸೆಯುವುದೆಂದರೆ ನಮ್ಮಂಥವರಿಗೆ ಮೈ ಝುಮ್ಮೆನ್ನುತ್ತದೆ. ಅವರಿಗೆ ಅದು ಪ್ರಚಾರ. 1986ರಲ್ಲಿ ಬಂದ ಅವರ ಆಲ್ಬಮ್ ಕೂಡ ಹತ್ತು ಲಕ್ಷ ದಾಟಿತು.

ಬೆಕಿ ಎಂಬ ಕೇಳುಗಳು

1990ರ ದಶಕ ಈ ಸಂಗೀತದ ಸುಗ್ಗಿ. 1992ರಲ್ಲಿ ಬ್ರಿಟನ್ನಿನ ಇಎಂಐ ಕಂಪೆನಿ ಸ್ಪ್ಯಾರೊವನ್ನು ಕೊಂಡಿತು. ಕೀತ್ ಗ್ರೀನ್ ಬಿಟ್ಟುಹೋದ ಅಂಗಡಿ ಈಗ ಜಾಗತಿಕ ಮಾಲ್‌ನ ಒಂದು ಮಳಿಗೆಯಾಯಿತು. 1995ರಲ್ಲಿ ಮತ್ತೊಂದು ಬದಲಾವಣೆ. ಅಲ್ಲಿಯವರೆಗೆ ಕ್ರೈಸ್ತ ಪುಸ್ತಕದಂಗಡಿಗಳ ಮಾರಾಟ ಅಮೆರಿಕದ ಮುಖ್ಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಸೌಂಡ್‌ಸ್ಕ್ಯಾನ್ ಎಂಬ ಎಣಿಕೆ ವ್ಯವಸ್ಥೆ ಆ ಅಂಗಡಿಗಳಿಗೂ ಬಂದ ಮೇಲೆ, ಯಾರೂ ಹೆಸರು ಕೇಳದ ಕ್ರೈಸ್ತ ತಂಡಗಳು ದೊಡ್ಡ ಪಟ್ಟಿಗಳಲ್ಲಿ ಒಮ್ಮೆಲೇ ಕಾಣಿಸಿಕೊಂಡವು. ಆ ವರ್ಷದ ನವೆಂಬರ್‌ನಲ್ಲಿ ‘ಡಿಸಿ ಟಾಕ್’ ತಂಡದ ಆಲ್ಬಮ್ ಬಿಡುಗಡೆಯಾದ ವಾರವೇ ಬಿಲ್‌ಬೋರ್ಡ್ ಪಟ್ಟಿಯಲ್ಲಿ 16ನೆಯ ಸ್ಥಾನಕ್ಕೆ ಬಂತು. ಒಬ್ಬ ಕರಿಯ, ಇಬ್ಬರು ಬಿಳಿಯ ಯುವಕರ ತಂಡ ಅದು. ‘ಜಾರ್ಸ್ ಆಫ್ ಕ್ಲೇ’ ತಂಡದ ಹಾಡು ಸಾಮಾನ್ಯ ರಾಕ್ ರೇಡಿಯೊಗಳಲ್ಲೂ ಕೇಳಿಬಂತು. 1997ರಲ್ಲಿ ಕರಿಯ ಗಾಯಕ ಕರ್ಕ್ ಫ್ರಾಂಕ್ಲಿನ್‌ನ ದೈವಸ್ತುತಿ ಎಂಟಿವಿಯಲ್ಲಿ ಪ್ರಸಾರವಾಯಿತು.

ಮಾರುಕಟ್ಟೆ ಬೆಳೆದಂತೆ ಕೇಳುಗರನ್ನು ಅಳೆಯುವ ಕೆಲಸವೂ ಬೆಳೆಯಿತು. ಕ್ರೈಸ್ತ ರೇಡಿಯೊಗಳ ಮುಖ್ಯ ಕೇಳುಗರು ಮೂವತ್ತು ನಲವತ್ತರ ಪ್ರಾಯದ, ನಗರದ ಹೊರವಲಯದ ಬಡಾವಣೆಗಳಲ್ಲಿ ಮಕ್ಕಳನ್ನು ಕಾರಿನಲ್ಲಿ ಶಾಲೆಗೆ ಬಿಡುವ ತಾಯಂದಿರು ಎಂದು ಸಮೀಕ್ಷೆಗಳು ಹೇಳಿದವು. ಅಂಥ ಒಬ್ಬ ಕಾಲ್ಪನಿಕ ಕೇಳುಗಳಿಗೆ ಆ ವೃತ್ತಿಯವರು ‘ಬೆಕಿ’ ಎಂದು ಹೆಸರಿಟ್ಟರು. ಹೊಸ ಹಾಡು ಬಂದಾಗ ಕೇಳುತ್ತಿದ್ದ ಪ್ರಶ್ನೆ: ಬೆಕಿಗೆ ಇದು ಇಷ್ಟವಾಗುತ್ತದೆಯೇ? ಕ್ಯಾಲಿಫೋರ್ನಿಯಾದಲ್ಲಿ 1982ರಲ್ಲಿ ಒಂದೇ ಕೇಂದ್ರವಾಗಿ ಆರಂಭವಾದ ‘ಕೆ-ಲವ್’ ದೇಶವ್ಯಾಪಿ ಜಾಲವಾಗಿ ಬೆಳೆದದ್ದು ಹಿತವಾದ, ಧೈರ್ಯ ತುಂಬುವ ಹಾಡುಗಳ ಭರವಸೆಯ ಮೇಲೆ.

ದಣಿದ ತಾಯಿಗೆ ಧೈರ್ಯ ತುಂಬುವುದು ಪುಣ್ಯದ ಕೆಲಸವೇ. ಆದರೆ ಅದೊಂದೇ ಅಳತೆಗೋಲಾದಾಗ ಏನಾಯಿತೆಂಬುದನ್ನು ಗಮನಿಸಬೇಕು. ಶೋಕಕ್ಕೆ, ಸಂಶಯಕ್ಕೆ, ದೇವರೊಂದಿಗಿನ ಜಗಳಕ್ಕೆ ಹಾಡಿನಲ್ಲಿ ಜಾಗ ಕಿರಿದಾಯಿತು. ದಾವೂದರ ಹೆಸರಿನ ಕೀರ್ತನೆಗಳಲ್ಲಿ ಎಷ್ಟೊಂದು ಗೋಳಾಟವಿದೆ! ಥಾಮಸ್ ಡಾರ್ಸಿ ಹೆಂಡತಿ ಮಗುವನ್ನು ಮಣ್ಣು ಮಾಡಿ ಬಂದು ಬರೆದ ಹಾಡನ್ನು ಇಂದು ಹೊಸದಾಗಿ ಕಳುಹಿಸಿದ್ದರೆ ಬೆಕಿಯ ಪರೀಕ್ಷೆಯಲ್ಲಿ ಅದು ಪಾಸಾಗುತ್ತಿತ್ತೇ ಎಂದು ನನಗೆ ಅನುಮಾನ. ಲ್ಯಾರಿ ನಾರ್ಮನ್ ಹಾಡಿದ್ದು ಚರ್ಚಿನ ಹೊರಗಿದ್ದವರಿಗೆ. ಮೂವತ್ತು ವರ್ಷಗಳಲ್ಲಿ ಆ ಸಂಗೀತ ಚರ್ಚಿನ ಒಳಗಿದ್ದವರನ್ನು ಸಮಾಧಾನಪಡಿಸುವ ಸಂಗೀತವಾಯಿತು. ಇದರ ಆಕರ್ಷಣೆ ಬದಲಾದದ್ದು ಹೀಗೆ.

ವೇದಿಕೆಯಿಂದ ಸಭೆಗೆ

ಹೊಸ ಶತಮಾನದಲ್ಲಿ ಕ್ಯಾಸೆಟ್, ಸಿಡಿಗಳ ಕಾಲ ಮುಗಿಯಿತು. 2008ರಲ್ಲಿ ಸಿಸಿಎಂ ಪತ್ರಿಕೆ ಮುದ್ರಣ ನಿಲ್ಲಿಸಿತು. 2017ರಲ್ಲಿ ಫ್ಯಾಮಿಲಿ ಕ್ರಿಶ್ಚಿಯನ್ ಸ್ಟೋರ್ಸ್ ತನ್ನ 240 ಅಂಗಡಿಗಳನ್ನೂ, 2019ರಲ್ಲಿ ಲೈಫ್‌ವೇ ತನ್ನ ಸುಮಾರು 170 ಅಂಗಡಿಗಳನ್ನೂ ಮುಚ್ಚಿದವು. ಆದರೆ ಸಂಗೀತ ಸಾಯಲಿಲ್ಲ. ಅದು ಬೇರೆ ರೂಪ ತಾಳಿತು. ವೇದಿಕೆಯ ಮೇಲೆ ಒಬ್ಬ ಹಾಡಿ ಉಳಿದವರು ಕೇಳುವ ಬದಲು, ಇಡೀ ಸಭೆ ಎದ್ದು ನಿಂತು ಹಾಡುವ ಆರಾಧನಾ ಗೀತೆ ಅಂದರೆ ‘ವರ್ಶಿಪ್’ ಸಂಗೀತ ಮುಂದೆ ಬಂತು.

ಇದರ ದೊಡ್ಡ ತವರು ಅಮೆರಿಕವಲ್ಲ, ಆಸ್ಟ್ರೇಲಿಯ. ಸಿಡ್ನಿಯಲ್ಲಿ 1983ರಲ್ಲಿ ಆರಂಭವಾದ, ಮುಂದೆ ಹಿಲ್‌ಸಾಂಗ್ ಎಂದು ಹೆಸರಾದ ಚರ್ಚಿನ ಡಾರ್ಲೀನ್ ಚೆಕ್ 1993ರಲ್ಲಿ ಬರೆದ ಒಂದು ಸ್ತುತಿ ಲೋಕದ ಮೂಲೆಮೂಲೆಯ ಚರ್ಚುಗಳನ್ನು ತಲುಪಿತು. ಅಮೆರಿಕದಲ್ಲಿ 1997ರಲ್ಲಿ ಆರಂಭವಾದ ‘ಪ್ಯಾಶನ್’ ವಿದ್ಯಾರ್ಥಿ ಸಮಾವೇಶಗಳಿಂದ ಕ್ರಿಸ್ ಟಾಮ್ಲಿನ್‌ನಂಥವರು ಹೊರಬಂದರು. 2013ರಲ್ಲಿ ಹೊರಬಂದ ಹಿಲ್‌ಸಾಂಗ್ ತಂಡದ ಒಂದು ಹಾಡು ಬಿಲ್‌ಬೋರ್ಡ್‌ನ ಕ್ರೈಸ್ತ ಹಾಡುಗಳ ಪಟ್ಟಿಯಲ್ಲಿ ಒಟ್ಟು 61 ವಾರ ಮೊದಲ ಸ್ಥಾನದಲ್ಲಿತ್ತು. ಬೆಂಗಳೂರಿನ ಇಂಗ್ಲಿಷ್ ಆರಾಧನೆಯ ಚರ್ಚುಗಳಲ್ಲಿ ಭಾನುವಾರ ಬೆಳಿಗ್ಗೆ ಕೇಳುವುದೂ ಇಂಥ ಹಾಡುಗಳನ್ನೇ. ಕನ್ನಡ ಸಭೆಗಳಲ್ಲೂ ಕೀಬೋರ್ಡ್, ಡ್ರಮ್ಸ್ ಬಂದಿವೆ. 1862ರಲ್ಲಿ ಫರ್ಡಿನಾಂಡ್ ಕಿಟೆಲ್ ಯೇಸುವಿನ ಚರಿತ್ರೆಯನ್ನು ಹೇಳಲು ನಮ್ಮ ನೆಲದ ಛಂದಸ್ಸನ್ನು ಹುಡುಕಿಕೊಂಡು ಹೋಗಿ ‘ಕಥಾಮಾಲೆ’ ಬರೆದಿದ್ದರು. ಜರ್ಮನಿಯಿಂದ ಬಂದವರು ಕನ್ನಡದ ಧಾಟಿ ಹಿಡಿದರು. ಕನ್ನಡದವರು ಸಿಡ್ನಿಯ ಧಾಟಿ ಹಿಡಿಯುತ್ತಿದ್ದಾರೆ. ಕಾಲದ ಆಟ!

ಈ ಹೊಸ ಹಾಡುಗಳ ಹಿಂದೆಯೂ ಒಂದು ಲೆಕ್ಕದ ಪುಸ್ತಕವಿದೆ. ಚರ್ಚಿನಲ್ಲಿ ಹಾಡಿನ ಸಾಹಿತ್ಯವನ್ನು ನಕಲು ಮಾಡಿ ಹಂಚಿದರೂ ಅದು ಹಕ್ಕುಸ್ವಾಮ್ಯದ ಉಲ್ಲಂಘನೆ. ಇಂಥ ಮೊಕದ್ದಮೆಗಳು ನಡೆದ ಮೇಲೆ 1988ರಲ್ಲಿ ಸಿಸಿಎಲ್‌ಐ ಎಂಬ ಸಂಸ್ಥೆ ಹುಟ್ಟಿತು. ಚರ್ಚು ತನ್ನ ಸದಸ್ಯರ ಸಂಖ್ಯೆಗೆ ತಕ್ಕಂತೆ ವರ್ಷಕ್ಕಿಷ್ಟು ಎಂದು ಹಣ ಕಟ್ಟಿದರೆ ಹಾಡುಗಳನ್ನು ಬಳಸಬಹುದು. ಹಾಡಿದ ಲೆಕ್ಕದ ಮೇಲೆ ಬರೆದವರಿಗೆ ಪಾಲು ಹೋಗುತ್ತದೆ. ಇಂದು ಎರಡು ಲಕ್ಷಕ್ಕೂ ಹೆಚ್ಚು ಚರ್ಚುಗಳು ಅದರ ಪರವಾನಗಿ ಹೊಂದಿವೆ. ಬರೆದವನಿಗೆ ಕೂಲಿ ಸಿಗುವುದು ನ್ಯಾಯವೇ. ಆದರೆ 2010ರಿಂದ 2020ರವರೆಗೆ ಪಟ್ಟಿಗಳ ತುದಿಯಲ್ಲಿದ್ದ 38 ಆರಾಧನಾ ಗೀತೆಗಳನ್ನು ಸಂಶೋಧಕರು ಪರಿಶೀಲಿಸಿದಾಗ, ಅವುಗಳಲ್ಲಿ 36ಕ್ಕೆ ಹಿಲ್‌ಸಾಂಗ್, ಬೆಥೆಲ್, ಎಲಿವೇಶನ್, ಪ್ಯಾಶನ್ ಎಂಬ ನಾಲ್ಕು ದೊಡ್ಡ ಚರ್ಚುಗಳ ನಂಟಿರುವುದು ಕಂಡುಬಂತು. ಲೋಕದ ಸಾವಿರಾರು ಊರುಗಳ ಪ್ರಾರ್ಥನೆಯ ಮಾತು ನಾಲ್ಕು ಮನೆಗಳಿಂದ ಬರುವುದು ಒಳ್ಳೆಯದೇ? 2022ರಲ್ಲಿ ಹಿಲ್‌ಸಾಂಗ್‌ನ ಸ್ಥಾಪಕ ಪಾಸ್ಟರ್ ರಾಜೀನಾಮೆ ನೀಡಬೇಕಾಗಿ ಬಂದಾಗ, ಆ ಚರ್ಚಿನ ಹಾಡುಗಳನ್ನು ಇನ್ನು ಹಾಡಬೇಕೇ ಬೇಡವೇ ಎಂದು ದೂರದೂರದ ಸಭೆಗಳು ತಲೆ ಕೆಡಿಸಿಕೊಂಡವು.

ಇನ್ನೊಂದು ಗೋಡೆ ಇನ್ನೂ ಬಿದ್ದಿಲ್ಲ. ಕರಿಯರು ಹಾಡಿದರೆ ‘ಗಾಸ್ಪೆಲ್’, ಬಿಳಿಯರು ಹಾಡಿದರೆ ‘ಕ್ರಿಶ್ಚಿಯನ್’ ಎಂದು ಬಿಲ್‌ಬೋರ್ಡ್ ಪಟ್ಟಿಗಳೇ ಬೇರೆ ಬೇರೆ. ಒಂದೇ ದೇವರು, ಒಂದೇ ಗ್ರಂಥ, ಎರಡು ಪಟ್ಟಿ. ಥಾರ್ಪ್ ಮತ್ತು ಆಂದ್ರೇ ಕ್ರೌಚ್ ಕೊಟ್ಟ ಸಾಲವನ್ನು ಈ ಉದ್ಯಮ ಇನ್ನೂ ತೀರಿಸಿಲ್ಲ.

ಇತ್ತೀಚೆಗೆ ಗಾಳಿ ಮತ್ತೆ ತಿರುಗಿದೆ. 2018ರಲ್ಲಿ ಲಾರೆನ್ ಡೇಗಲ್ ಹಾಡಿದ ಒಂದು ಗೀತೆ ಕ್ರೈಸ್ತ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ವಾರ ಮೊದಲ ಸ್ಥಾನದಲ್ಲಿತ್ತು. 2025ರಲ್ಲಿ ಬ್ರ್ಯಾಂಡನ್ ಲೇಕ್ ಮತ್ತು ಫಾರೆಸ್ಟ್ ಫ್ರಾಂಕ್ ಎಂಬ ಗಾಯಕರ ಹಾಡುಗಳು ಅಮೆರಿಕದ ಮುಖ್ಯ ನೂರರ ಪಟ್ಟಿಗೇ ಬಂದವು. ಮೊಬೈಲಿನಲ್ಲಿ ಹಾಡು ಕೇಳುವ ಹುಡುಗರಿಗೆ ಪುಸ್ತಕದಂಗಡಿಯವನ ಅಪ್ಪಣೆ ಬೇಕಿಲ್ಲ, ರೇಡಿಯೊದ ಬೆಕಿಯೂ ಬೇಕಿಲ್ಲ.

ನಮ್ಮ ಮನೆಯ ಕಡೆಗೆ

ಈ ಕತೆಯನ್ನು ನಾನು ನೆರೆಮನೆಯ ಸುದ್ದಿಯೆಂದು ಬರೆಯಲಿಲ್ಲ. ಸಮಾವನ್ನು ಕುರಿತ ಚರ್ಚೆಯನ್ನು ಇಮಾಮ್ ಗಝಾಲಿ ‘ಇಹ್ಯಾ’ದಲ್ಲಿ ಒಂದು ಇಡೀ ಅಧ್ಯಾಯವಾಗಿ ಬರೆದಿದ್ದಾರೆ. ದೆಹಲಿಯ ನಿಝಾಮುದ್ದೀನ್ ಔಲಿಯಾರು ಇದೇ ವಿಷಯಕ್ಕಾಗಿ ಸುಲ್ತಾನ ಘಿಯಾಸುದ್ದೀನ್ ತುಘ್ಲಕ್‌ನ ಮುಂದೆ ಉಲೆಮಾಗಳಿಗೆ ಉತ್ತರ ಕೊಡಬೇಕಾಯಿತು. ನಮ್ಮ ಕಾಲದಲ್ಲಿ, 1977ರಲ್ಲಿ ಇಸ್ಲಾಮ್ ಸ್ವೀಕರಿಸಿದ ಗಾಯಕ ಕ್ಯಾಟ್ ಸ್ಟೀವನ್ಸ್ ಯೂಸುಫ್ ಇಸ್ಲಾಮ್ ಆಗಿ ಗಿಟಾರ್ ಕೆಳಗಿಟ್ಟರು. ಬಹುಕಾಲದ ನಂತರ 2006ರಲ್ಲಿ ಪಾಪ್ ಆಲ್ಬಮ್‌ನೊಂದಿಗೆ ಮರಳಿದರು. 2003ರಲ್ಲಿ ಸಾಮಿ ಯೂಸುಫ್, 2009ರಲ್ಲಿ ಮಾಹಿರ್ ಝೈನ್ ಅವರ ಮೊದಲ ಆಲ್ಬಮ್‌ಗಳು ಬಂದಾಗ ನಶೀದ್ ಕೂಡ ಮಾರುಕಟ್ಟೆಗೆ ಕಾಲಿಟ್ಟಿತು. ವಿಡಿಯೊ, ಟಿಕೆಟ್, ಅಭಿಮಾನಿ ಬಳಗ ಎಲ್ಲವೂ ಬಂದವು. ಅಮೆರಿಕದ ಚರ್ಚು ಐವತ್ತು ವರ್ಷಗಳಲ್ಲಿ ನಡೆದ ದಾರಿಯನ್ನು ನಾವು ಇಪ್ಪತ್ತೇ ವರ್ಷಗಳಲ್ಲಿ ನಡೆದಿದ್ದೇವೆ.

ಸಂಗೀತ ಹಲಾಲೋ ಹರಾಮೋ ಎಂಬ ತೀರ್ಪು ಕೊಡಲು ನಾನು ಆಲಿಮ್ ಅಲ್ಲ, ಕತೆಗಾರ. ಆದರೆ ಈ ಚರಿತ್ರೆಯಿಂದ ನನಗೆ ತಿಳಿದದ್ದಿಷ್ಟು. ವಾದ್ಯದ ಮೇಲಿನ ಜಗಳ ಕಾಲಾಂತರದಲ್ಲಿ ತಣ್ಣಗಾಗುತ್ತದೆ. ನಿನ್ನೆ ಹೊರಗಿದ್ದ ವಾದ್ಯ ನಾಳೆ ಒಳಗೆ ಕೂರುತ್ತದೆ. ತಣ್ಣಗಾಗದೆ ಉಳಿಯುವುದು ಚಾಚಾರ ಮೂರನೆಯ ಮಾತು, ಮಾರುವವನ ಲಾಭದ ಮಾತು. ಆ ಮಾತಿಗೆ ನೇರವಾಗಿ ಉತ್ತರ ಕೊಡಲು ಹೊರಟವನು ಕೀತ್ ಗ್ರೀನ್. ಆತ ಹಾಡನ್ನು ಬಿಡಲಿಲ್ಲ, ಬೆಲೆಯ ಚೀಟಿಯನ್ನು ಬಿಟ್ಟ.

ಅಬ್ಬಾ ತೀರಿಕೊಂಡ ಮೇಲೆ ಆ ಕ್ಯಾಸೆಟ್ಟುಗಳು ನನ್ನ ಬಳಿ ಬಂದವು. ಟೇಪ್ ರೆಕಾರ್ಡರ್ ಕೆಟ್ಟು ಬಹಳ ದಿನವಾಗಿದೆ. ಈಗ ಮುಪ್ಪಾಗಿರುವ ಚಾಚಾ ಒಮ್ಮೆ ಮನೆಗೆ ಬಂದಾಗ ಅವರ ಮೊಮ್ಮಗ ಮೊಬೈಲಿನಲ್ಲಿ ಯಾವುದೋ ನಶೀದ್ ಹಾಕಿದ್ದ. ಚಾಚಾ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಕೇಳಿ, “ಇದಕ್ಕೆ ದುಡ್ಡು ಕೊಟ್ಟೆಯಾ?” ಎಂದು ಕೇಳಿದರು. ಇಲ್ಲ, ಪುಕ್ಕಟೆ, ನಡುವೆ ಜಾಹೀರಾತು ಬರುತ್ತದೆ ಎಂದು ಹುಡುಗ ಹೇಳಿದ. ಅಷ್ಟರಲ್ಲಿ ಹಾಡು ನಿಂತು ಸೋಪಿನ ಜಾಹೀರಾತು ಶುರುವಾಯಿತು. ಚಾಚಾ ನನ್ನ ಮುಖ ನೋಡಿ ನಕ್ಕರು.